ಸೊಪ್ಪು ಕೊಳೆಯದಂತೆ, ಅನ್ನ ಹಳಸದಂತೆ ಇಡೋದು ಹೇಗೆ? ಕಾರಣ ಗೊತ್ತಿದ್ದವರು ಹೇಳಿ

ಸೊಪ್ಪಿನಕಟ್ಟು:
ಕೊತ್ತಂಬರಿ ಸೊಪ್ಪನ್ನು ತೊಳೆದು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಗಂಟು ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕನೇ ದಿನಕ್ಕೆ ಒಳಗಿನ ಎಲೆಗಳು ಕಪ್ಪಾಗಿ ಲೋಳೆಯಾಗುತ್ತವೆ. ಕವರಿಲ್ಲದೆ ಬಿಟ್ಟರೆ ಎರಡೇ ದಿನಕ್ಕೆ ಬಾಡಿ ಜೋತುಬೀಳುತ್ತೆ. ಇವೆರಡರ ನಡುವಿನ ದಾರಿ ಯಾವುದು?

ಜೊತೆಗೆ ಇನ್ನೆರಡು. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಇಡಬಾರದು ಅಂತಾರೆ, ಯಾಕೆ? ಉಳಿದ ಅಡುಗೆಯನ್ನ ಬಿಸಿ ಇರುವಾಗಲೇ ಫ್ರಿಜ್ಜಿಗೆ ಇಡಬಹುದೋ, ಪೂರ್ತಿ ಆರಿದ ಮೇಲೇ ಇಡಬೇಕೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಅಳತೆ, ದಿನ, ಕಾರಣ ಸಮೇತ ಹೇಳಿ ದಯವಿಟ್ಟು.

ತಣ್ಣೀರು:
ಕೊತ್ತಂಬರಿಯನ್ನ ಹೂವಿನ ಗೊಂಚಲು ಅಂತ ತಿಳ್ಕೊಳ್ಳಿ. ಕಟ್ಟಿಗೆ ಹಾಕಿರೋ ದಾರ ಅಥವಾ ರಬ್ಬರ್ ಬ್ಯಾಂಡ್ ಮೊದಲು ಬಿಚ್ಚಿ. ಅದು ಬಿಗಿದ ಜಾಗದಲ್ಲೇ ದಂಟು ಜಜ್ಜಿ ಕೊಳೆ ಶುರುವಾಗೋದು. ಹಳದಿ ಎಲೆ, ಮುರಿದ ದಂಟು, ಕಪ್ಪಾದದ್ದು ಎಲ್ಲ ಆರಿಸಿ ತೆಗೀರಿ. ದಂಟಿನ ತುದಿಯನ್ನ ಒಂದು ಸೆಂಟಿಮೀಟರ್‌ನಷ್ಟು ಕತ್ತರಿಸಿ, ಲೋಟದಲ್ಲಿ ಎರಡು ಬೆರಳು ನೀರು ಹಾಕಿ ಅದರಲ್ಲಿ ನಿಲ್ಲಿಸಿ. ಎಲೆ ನೀರಿಗೆ ತಾಗಬಾರದು. ಮೇಲೆ ಒಂದು ಕವರನ್ನ ಸಡಿಲವಾಗಿ ಟೋಪಿ ಥರ ಹಾಕಿ ಫ್ರಿಜ್ಜಿನಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ. ಕಟ್ಟು ತಾಜಾ ಇದ್ದರೆ ಹತ್ತು ದಿನ ಆರಾಮಾಗಿ ಬರುತ್ತೆ. ಪುದೀನಕ್ಕೂ ಇದೇ.

ಇಳಿಗೆಮಣೆ:
ಲೋಟ ಇಡೋಕೆ ಫ್ರಿಜ್ಜಿನಲ್ಲಿ ಜಾಗ ಎಲ್ಲಿದೆ ಸ್ವಾಮಿ? ಬಾಗಿಲು ತೆಗೆದು ಹಾಕುವಾಗ ಒಂದು ಸಲ ಉರುಳಿದರೆ ಮುಗೀತು. ಡಬ್ಬಿ ವಿಧಾನವೇ ವಾಸಿ. ಒಣ ಸೊಪ್ಪು, ಅಡಿಗೊಂದು ಟಿಶ್ಯೂ, ಮೇಲೊಂದು ಟಿಶ್ಯೂ, ಮುಚ್ಚಳ. ಅಷ್ಟೇ.

ಸೊಪ್ಪಿನಕಟ್ಟು:
ಒಣ ಸೊಪ್ಪು ಅಂದ್ರೆ ತೊಳೀಲೇಬಾರದಾ?

ಇಳಿಗೆಮಣೆ:
ಬಳಸೋ ಹೊತ್ತಿಗೆ ತೊಳೀರಿ. ಮೊದಲೇ ತೊಳೆದು ಇಟ್ಟರೆ ಕೊಳೆಯುತ್ತೆ.

ಥರ್ಮಾಮೀಟರ್:
ತೊಳೆಯುವುದು ತಪ್ಪಲ್ಲ, ಒಣಗಿಸದೆ ಇಡುವುದು ತಪ್ಪು. ಇಲ್ಲಿ ಎರಡು ಸಂಗತಿಗಳು ಕಲಸುಮೇಲೋಗರ ಆಗುತ್ತಿವೆ. ಒದ್ದೆ ಬೇರೆ, ತೇವ ಬೇರೆ.

ಎಲೆಯ ಸುತ್ತಲಿನ ಗಾಳಿಯಲ್ಲಿ ತೇವ ಬೇಕು. ಇಲ್ಲದಿದ್ದರೆ ಎಲೆಯೊಳಗಿನ ನೀರು ಆವಿಯಾಗಿ ಹೋಗುತ್ತದೆ, ಜೀವಕೋಶಗಳು ಸಡಿಲವಾಗುತ್ತವೆ, ಬಾಡುವುದು ಅಂದರೆ ಇದೇ. ಆದರೆ ಎಲೆಯ ಮೇಲೆ ನೀರಿನ ಪದರ ಕೂತರೆ ಬ್ಯಾಕ್ಟೀರಿಯಾ ಮತ್ತು ಬೂಷ್ಟಿಗೆ ಅದೇ ನೆಲೆ. ಗಂಟು ಕಟ್ಟಿದ ಕವರಿನಲ್ಲಿ ಎರಡನೆಯದು ಆಗುತ್ತದೆ. ಸೊಪ್ಪು ಕಿತ್ತ ಮೇಲೂ ಉಸಿರಾಡುತ್ತಿರುತ್ತದೆ, ಆವಿ ಬಿಡುತ್ತದೆ. ಆ ಆವಿ ತಣ್ಣನೆ ಪ್ಲಾಸ್ಟಿಕ್‌ಗೆ ತಾಗಿ ಹನಿಯಾಗಿ ಎಲೆಯ ಮೇಲೇ ಬೀಳುತ್ತದೆ. ಟಿಶ್ಯೂ ಅಥವಾ ಹತ್ತಿ ಬಟ್ಟೆ ಆ ಹನಿಯನ್ನು ಹೀರಿಕೊಂಡು ಗಾಳಿಯನ್ನು ಮಾತ್ರ ತೇವವಾಗಿ ಇಡುತ್ತದೆ. ಅದಕ್ಕೇ ಟಿಶ್ಯೂ ಪೂರ್ತಿ ನೆನೆದ ತಕ್ಷಣ ಬದಲಾಯಿಸಬೇಕು. ನೆನೆದ ಟಿಶ್ಯೂ ಹಾಗೇ ಬಿಟ್ಟರೆ ಅದಿಲ್ಲದೆ ಇಟ್ಟದ್ದಕ್ಕಿಂತ ಕೆಡುಕು.

ತೊಳೆದೇ ಇಡಬೇಕೆಂದಿದ್ದರೆ ನೀರು ಕೊಡವಿ, ದಪ್ಪ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಫ್ಯಾನಿನ ಕೆಳಗೆ 20ರಿಂದ 30 ನಿಮಿಷ ಬಿಡಿ. ಎಲೆ ಒಣಗಿರಬೇಕು, ಬಾಡಿರಬಾರದು. ಕೈಗೆ ತಣ್ಣಗೆ ಹತ್ತಿದರೆ ಇನ್ನೂ ನೀರಿದೆ ಎಂದರ್ಥ.

ಮಣ್ಣಿನಮಡಕೆ:
ಒದ್ದೆ ಬ್ಯಾರೆ, ತೇವ ಬ್ಯಾರೆ. ಬರೋಬರಿ ಹೇಳಿದ್ರಿ. ಪಾಲಕ್, ಮೆಂತ್ಯ ಸೊಪ್ಪಿಗೂ ಇದನ್ನ ಮಾಡ್ರಿ. ಡಬ್ಬಿ ಒಳಗ ಒತ್ತಿ ಮಾತ್ರ ತುಂಬಬ್ಯಾಡ್ರಿ, ಮುಕ್ಕಾಲು ಸಾಕು. ಒತ್ತಿದ್ರ ನಡುವಿನ ಎಲಿ ಬಿಸಿಯಾಗಿ ಹಳದಿ ಆಗ್ತಾವ.

ಅಳತೆಲೋಟ:
ಬಾಡಿದ ಸೊಪ್ಪನ್ನ ಎಸೀಬೇಡಿ. ಬಾಡಿದ್ದು ಬೇರೆ, ಕೊಳೆತದ್ದು ಬೇರೆ. ದಂಟಿನ ತುದಿ ಹೊಸದಾಗಿ ಕತ್ತರಿಸಿ, ಐಸ್ ಹಾಕಿದ ನೀರಿನಲ್ಲಿ 15ರಿಂದ 30 ನಿಮಿಷ ಮುಳುಗಿಸಿ. ಕೋಶಗಳು ನೀರು ಕುಡಿದು ಮತ್ತೆ ಸೆಟೆದು ನಿಲ್ಲುತ್ತವೆ. ಮೆತ್ತಗಾದ ಕ್ಯಾರೆಟ್‌ಗೂ ಆಗುತ್ತೆ, ಆದರೆ ಗಂಟೆಗಟ್ಟಲೆ ಬೇಕು. ಲೋಳೆ ಬಂದಿದ್ದರೆ, ವಾಸನೆ ತಿರುಗಿದ್ದರೆ ಯಾವ ನೀರೂ ಉಪಯೋಗಕ್ಕೆ ಬರಲ್ಲ.

ಕಡೆಗೋಲು:
ಕ್ಯಾರೆಟ್ ತಂದ ಕೂಡಲೇ ತಲೆಯ ಸೊಪ್ಪು ಕೊಯ್ದು ತೆಗೆಯಬೇಕು ಮಾರಾಯ್ರೆ. ಅದು ಇದ್ದಷ್ಟು ದಿನ ಗೆಡ್ಡೆಯ ನೀರನ್ನು ಎಳೆದುಕೊಳ್ಳುತ್ತಾ ಇರ್ತದೆ. ಮೂಲಂಗಿ, ಬೀಟ್‌ರೂಟಿಗೂ ಹಾಗೆಯೇ. ಎಲೆ ಬೇರೆ ಇಡಿ, ಗೆಡ್ಡೆ ಬೇರೆ ಇಡಿ.

ಬುತ್ತಿಡಬ್ಬಿ:
ಸಿಪ್ಪೆ ತೆಗೆದು ಉದ್ದುದ್ದ ಹೆಚ್ಚಿದ ಕ್ಯಾರೆಟ್‌ನ ನೀರು ತುಂಬಿದ ಡಬ್ಬಿಯಲ್ಲಿ ಇಟ್ಟರೆ ಗರಿಗರಿಯಾಗಿ ಇರುತ್ತೆ ಅಲ್ವಾ?

ಅಳತೆಲೋಟ:
ಇರುತ್ತೆ. ಫ್ರಿಜ್ಜಿನಲ್ಲೇ ಇರಬೇಕು, ದಿನ ಬಿಟ್ಟು ದಿನ ನೀರು ಬದಲಾಯಿಸಬೇಕು. ನೀರು ಮಬ್ಬಾಗಿದ್ದರೆ ಆಗಲೇ ತಡವಾಯ್ತು ಅಂತ. ರುಚಿ ಸ್ವಲ್ಪ ಸಪ್ಪೆಯಾಗುತ್ತೆ, ಅದರ ಸಕ್ಕರೆ ನೀರಿಗಿಳಿಯುತ್ತೆ.

ಹದಬೆಂಕಿ:
ಇದೇ ಉಪಾಯವನ್ನ ಬೆಣ್ಣೆಹಣ್ಣಿಗೆ ಮಾಡೋರಿದ್ದಾರೆ, ಇಡೀ ಹಣ್ಣನ್ನ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡೋದು. ತಿಂಗಳಾದರೂ ಹಸಿರಾಗೇ ಇರುತ್ತಂತೆ.

ಥರ್ಮಾಮೀಟರ್:
ಅದನ್ನು ಮಾಡಬೇಡಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2022ರಲ್ಲೇ ಬೇಡವೆಂದು ಹೇಳಿತ್ತು. ಸಿಪ್ಪೆಯ ಮೇಲೆ ಲಿಸ್ಟೀರಿಯಾ ಅಥವಾ ಸಾಲ್ಮೊನೆಲ್ಲಾ ಎಂಬ ರೋಗಾಣು ಇದ್ದರೆ ನೀರಿನಲ್ಲಿ ಹೆಚ್ಚುತ್ತವೆ, ಲಿಸ್ಟೀರಿಯಾ ಕ್ರಮೇಣ ತಿರುಳಿನೊಳಕ್ಕೂ ಇಳಿಯಬಲ್ಲದು. ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಜಾತಿ. ಕತ್ತರಿಸಿದ ಬೆಣ್ಣೆಹಣ್ಣಿಗೆ ನಿಂಬೆರಸ ಸವರಿ, ಗಾಳಿ ತಾಗದಂತೆ ಪ್ಲಾಸ್ಟಿಕ್ ಹಾಳೆಯನ್ನು ತಿರುಳಿಗೇ ಅಂಟಿಸಿ ಮುಚ್ಚಿಟ್ಟರೆ ಒಂದು ದಿನಕ್ಕೆ ತೊಂದರೆಯಿಲ್ಲ.

ಹದಬೆಂಕಿ:
ಸರಿ, ವಾಪಸ್ ತಗೊಂಡೆ.

ತಣ್ಣೀರು:
ಎರಡನೇ ಪ್ರಶ್ನೆಗೆ ಬರೋಣ. ಈರುಳ್ಳಿ, ಆಲೂಗಡ್ಡೆ ಎರಡಕ್ಕೂ ಕತ್ತಲೆ, ಗಾಳಿ ಬೇಕು ನಿಜ. ಆದರೆ ಆಲೂಗಡ್ಡೆ ತೇವ ಬಿಡುತ್ತೆ, ಈರುಳ್ಳಿಗೆ ಒಣ ಗಾಳಿ ಬೇಕು. ಒಟ್ಟಿಗಿಟ್ಟರೆ ಈರುಳ್ಳಿ ಕತ್ತಿನ ಹತ್ತಿರ ಮೆತ್ತಗಾಗಿ ಕಪ್ಪು ಬೂಷ್ಟು ಹಿಡಿಯುತ್ತೆ, ಬೇಗ ಮೊಳಕೆನೂ ಬರುತ್ತೆ. ಬೆಳ್ಳುಳ್ಳಿಯನ್ನ ಈರುಳ್ಳಿ ಜೊತೆ ಇಡಬಹುದು, ಆಲೂ ಜೊತೆ ಬೇಡ. ಯಾವುದನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಬಲೆ ಚೀಲ, ಬೆತ್ತದ ಬುಟ್ಟಿ, ಏನೂ ಇಲ್ಲದಿದ್ದರೆ ತೂತು ಮಾಡಿದ ಪೇಪರ್ ಚೀಲ.

ಬುತ್ತಿಡಬ್ಬಿ:
ಆಲೂಗಡ್ಡೆ ಬುಟ್ಟಿಗೆ ಒಂದು ಸೇಬು ಹಾಕಿದರೆ ಮೊಳಕೆ ಬರಲ್ಲ. ಸುಲಭದ ಉಪಾಯ.

ಇಳಿಗೆಮಣೆ:
ಉಲ್ಟಾ. ಸೇಬು ಬಿಡೋ ಅನಿಲಕ್ಕೆ ಎಲ್ಲವೂ ಬೇಗ ಹಣ್ಣಾಗುತ್ತೆ, ಮೊಳಕೆನೂ ಬೇಗ ಬರುತ್ತೆ. ಯಾರೋ ಹಬ್ಬಿಸಿದ ಮಾತು ಇದು.

ಬುತ್ತಿಡಬ್ಬಿ:
ದೊಡ್ಡ ಗೋದಾಮುಗಳಲ್ಲೇ ಆಲೂಗಡ್ಡೆಗೆ ಅದೇ ಅನಿಲ, ಎಥಿಲೀನ್ ಬಿಡ್ತಾರಲ್ಲ, ಮೊಳಕೆ ತಡೆಯೋಕೆ?

ಥರ್ಮಾಮೀಟರ್:
ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಎಥಿಲೀನ್ ನಿರಂತರವಾಗಿ ಸಿಗುತ್ತಿದ್ದರೆ ಮೊಳಕೆ ಉದ್ದವಾಗುವುದನ್ನು ಅದು ತಡೆಯುತ್ತದೆ, ಗೋದಾಮಿನಲ್ಲಿ ನಡೆಯುವುದು ಅದೇ. ಕೆಲವೇ ದಿನ ಸಿಕ್ಕಿ ನಿಂತುಹೋದರೆ ಗೆಡ್ಡೆಯ ನಿದ್ದೆ ಕೆಡಿಸಿ ಮೊಳಕೆಯನ್ನು ಎಬ್ಬಿಸುತ್ತದೆ. ತೆರೆದ ಬುಟ್ಟಿಯಲ್ಲಿ ಒಂದು ಸೇಬಿಟ್ಟರೆ ಅನಿಲ ಗಾಳಿಗೆ ಹೋಗುತ್ತದೆ, ಎಷ್ಟು ಸಿಕ್ಕಿತು, ಎಷ್ಟು ದಿನ ಸಿಕ್ಕಿತು ಎಂಬುದು ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಅದಕ್ಕೇ ಒಬ್ಬರಿಗೆ ಫಲಿಸಿದ್ದು ಇನ್ನೊಬ್ಬರಿಗೆ ಫಲಿಸುವುದಿಲ್ಲ. ಸೇಬನ್ನು ತಿಂದುಬಿಡಿ, ಆಲೂಗಡ್ಡೆಗೆ ತಂಪಾದ ಕತ್ತಲ ಮೂಲೆ ಹುಡುಕಿ. 7ರಿಂದ 10 ಡಿಗ್ರಿ ಸೆಲ್ಸಿಯಸ್ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಮಣ್ಣಿನಮಡಕೆ:
ಕತ್ತಲು ಯಾಕ ಅಂದ್ರ, ಬೆಳಕು ಬಿದ್ರ ಆಲೂಗಡ್ಡಿ ಹಸರಾಗ್ತದ. ಹಸರು ಬಣ್ಣ ವಿಷ ಅಲ್ರಿ, ಆದ್ರ ಅದರ ಜೋಡಿ ಸೋಲನಿನ್ ಅನ್ನೋ ಕಹಿ ವಿಷಾನೂ ಹೆಚ್ಚಾಗ್ತದ. ಕುದಿಸಿದ್ರೂ ಅದು ಹೋಗಂಗಿಲ್ಲ. ಸ್ವಲ್ಪ ಹಸರಿದ್ರ ದಪ್ಪಗ ಕೆತ್ತಿ ತೆಗೀರಿ, ಬಾಳ ಇದ್ರ ಒಗೀರಿ.

ಸೊಪ್ಪಿನಕಟ್ಟು:
ಹಾಗಾದರೆ ಆಲೂಗಡ್ಡೆಯನ್ನ ಫ್ರಿಜ್ಜಿನಲ್ಲೇ ಇಡಬಹುದಲ್ಲ? ಕತ್ತಲೆ, ತಂಪು ಎರಡೂ ಇದೆ.

ಹದಬೆಂಕಿ:
ಬೇಡ. 4 ಡಿಗ್ರಿಯಲ್ಲಿ ಪಿಷ್ಟ ಸಕ್ಕರೆಯಾಗಿ ತಿರುಗುತ್ತೆ. ಬೇಯಿಸಿದರೆ ಸಿಹಿ, ಕರಿದರೆ ಬೇಗ ಕಪ್ಪು. ಕರಿದಾಗ ಅಕ್ರಿಲಮೈಡ್ ಅನ್ನೋ ಬೇಡದ ವಸ್ತುನೂ ಜಾಸ್ತಿ ಆಗುತ್ತೆ.

ಥರ್ಮಾಮೀಟರ್:
ಒಂದು ತಿದ್ದುಪಡಿ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆಯೂ ಹಿಂದೆ ಇದನ್ನೇ ಹೇಳುತ್ತಿತ್ತು, 2023ರಲ್ಲಿ ಸಲಹೆ ಬದಲಿಸಿತು. ಮನೆಯ ಫ್ರಿಜ್ಜಿನಲ್ಲಿ ಇಟ್ಟದ್ದರಿಂದ ಅಕ್ರಿಲಮೈಡ್ ಗಮನಾರ್ಹವಾಗಿ ಹೆಚ್ಚುವುದಿಲ್ಲ, ಪೋಲಾಗುವುದು ತಪ್ಪುತ್ತದೆ ಎಂಬುದು ಈಗಿನ ನಿಲುವು. ರುಚಿ ಸಿಹಿಯಾಗುವುದಂತೂ ನಿಜ. ಬೇಯಿಸಿ ತಿನ್ನುವುದಕ್ಕಾದರೆ ಫ್ರಿಜ್ ನಡೆಯುತ್ತದೆ, ಕರಿಯುವುದಕ್ಕಾದರೆ ಹೊರಗೆ ಇಡುವುದೇ ಚೆನ್ನ.

ಕಡೆಗೋಲು:
ಟೊಮೆಟೊ ಫ್ರಿಜ್ಜಿಗಾ ಹೊರಗಾ? ಇದಕ್ಕೆ ಮನೆಮನೆಯಲ್ಲಿ ಜಗಳ ಉಂಟು.

ಅಳತೆಲೋಟ:
ಕಾಯಿ ಮತ್ತು ದೋರೆ ಟೊಮೆಟೊ ಹೊರಗೆ. 12 ಡಿಗ್ರಿಗಿಂತ ಕೆಳಗೆ ಹೋದರೆ ಪರಿಮಳ ಕೊಡೋ ವಸ್ತುಗಳು ಹುಟ್ಟೋದೇ ನಿಲ್ಲುತ್ತೆ, ಆಮೇಲೆ ಹೊರಗಿಟ್ಟರೂ ಕೆಂಪಾಗುತ್ತೆ ಹೊರತು ರುಚಿ ಬರಲ್ಲ. ಪೂರ್ತಿ ಹಣ್ಣಾಗಿ ಇನ್ನೇನು ಕೊಳೆಯುತ್ತೆ ಅನ್ನೋದು ಮಾತ್ರ ಫ್ರಿಜ್ಜಿಗೆ, ಅದೂ ಮೂರು ದಿನಕ್ಕೆ. ಹಸಿಯಾಗಿ ತಿನ್ನೋದಿದ್ದರೆ ಒಂದೆರಡು ಗಂಟೆ ಮುಂಚೆ ಹೊರಗೆ ತೆಗೆದಿಡಿ.

ಹೊರಗಿಡುವಾಗ ತೊಟ್ಟಿನ ಭಾಗ ಕೆಳಗೆ ಬರೋ ಹಾಗೆ ಬೋರಲಿಡಿ. ಟೊಮೆಟೊ ಸಿಪ್ಪೆ ನೀರನ್ನ ಅಷ್ಟಾಗಿ ಬಿಡಲ್ಲ, ನೀರು ಹೋಗೋದೂ ಬೂಷ್ಟು ಒಳಗೆ ಬರೋದೂ ತೊಟ್ಟು ಕಿತ್ತ ಗಾಯದಿಂದ.

ಬುತ್ತಿಡಬ್ಬಿ:
ಬಾಳೆಹಣ್ಣಿನ ಚಿಪ್ಪಿನ ತುದಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿದರೆ ಒಂದು ವಾರ ಕಪ್ಪಾಗಲ್ಲ ಅಂತಾರಲ್ಲ?

ಇಳಿಗೆಮಣೆ:
ಎಥಿಲೀನ್ ಬರೀ ತೊಟ್ಟಿನಿಂದ ಬರೋದಲ್ಲ, ಇಡೀ ಹಣ್ಣಿನಿಂದ ಬರುತ್ತೆ. ತುದಿಗೆ ಫಾಯಿಲ್ ಸುತ್ತಿದರೆ ಹೆಚ್ಚೇನೂ ಆಗಲ್ಲ. ಬಾಳೆಹಣ್ಣನ್ನ ಬೇರೆ ಹಣ್ಣುಗಳಿಂದ ದೂರ ಇಡಿ, ಗಾಳಿ ಆಡೋ ಕಡೆ ತೂಗುಹಾಕಿ. ಕೆಳಗಿಟ್ಟರೆ ಒತ್ತಿದ ಕಡೆ ಕಪ್ಪಾಗುತ್ತೆ.

ತಣ್ಣೀರು:
ಪೂರ್ತಿ ಹಣ್ಣಾದ ಮೇಲೆ ಬಾಳೆಯನ್ನ ಫ್ರಿಜ್ಜಿಗೆ ಇಡಬಹುದು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಸಿಪ್ಪೆ ಕರ್ರಗಾಗುತ್ತೆ, ಒಳಗಿನ ಹಣ್ಣು ಇನ್ನೂ ಮೂರ್ನಾಲ್ಕು ದಿನ ಗಟ್ಟಿಯಾಗೇ ಇರುತ್ತೆ. ಕಾಯಿ ಇರುವಾಗ ಇಟ್ಟರೆ ಮಾತ್ರ ಕೆಡುತ್ತೆ. 13 ಡಿಗ್ರಿಗಿಂತ ಕೆಳಗೆ ಹಣ್ಣಾಗೋ ಕ್ರಿಯೆಗೇ ಏಟು ಬೀಳುತ್ತೆ, ಹೊರಗೆ ತೆಗೆದರೂ ಸರಿಯಾಗಿ ಹಣ್ಣಾಗಲ್ಲ.

ಅಳತೆಲೋಟ:
ಎಥಿಲೀನ್ ವಿಷಯ ಬಂದಿದ್ದರಿಂದ ಇದೊಂದನ್ನ ಸೇರಿಸ್ತೀನಿ. ಸೇಬು, ಬಾಳೆ, ಮಾವು, ಪಪ್ಪಾಯಿ, ಟೊಮೆಟೊ, ಬೆಣ್ಣೆಹಣ್ಣು ಇವು ಬಿಡೋ ಕಡೆಯವು. ಸೊಪ್ಪು, ಸೌತೆಕಾಯಿ, ಬ್ರೊಕೋಲಿ, ಎಲೆಕೋಸು, ಕ್ಯಾರೆಟ್ ಏಟು ತಿನ್ನೋ ಕಡೆಯವು. ಸೇಬಿನ ಪಕ್ಕ ಇದ್ದ ಕ್ಯಾರೆಟ್ ಕಹಿಯಾಗುತ್ತೆ, ಸೌತೆ ಹಳದಿಯಾಗುತ್ತೆ. ಫ್ರಿಜ್ಜಿನಲ್ಲಿ ಎರಡು ತರಕಾರಿ ಟ್ರೇ ಇದ್ದರೆ ಒಂದು ಹಣ್ಣಿಗೆ, ಒಂದು ಸೊಪ್ಪು ತರಕಾರಿಗೆ. ಟ್ರೇ ಮೇಲೆ ಸರಿಸೋ ಕಿಂಡಿ ಇದ್ದರೆ ಸೊಪ್ಪಿನದನ್ನ ಮುಚ್ಚಿಡಿ, ತೇವ ಉಳಿಯುತ್ತೆ. ಹಣ್ಣಿನದನ್ನ ತೆರೆದಿಡಿ, ಅನಿಲ ಹೊರಗೆ ಹೋಗುತ್ತೆ.

ಸೊಪ್ಪಿನಕಟ್ಟು:
ಆ ಕಿಂಡಿ ಯಾಕಿದೆ ಅಂತ ಈಗ ಗೊತ್ತಾಯ್ತು. ಹಾಗಾದರೆ ಸೌತೆಕಾಯಿ ಎಲ್ಲಿಡಬೇಕು?

ಅಳತೆಲೋಟ:
ಸೌತೆ, ಬದನೆ ಎರಡಕ್ಕೂ ಅತಿ ತಂಪು ಆಗಲ್ಲ. 10 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇದ್ದರೆ ಸಿಪ್ಪೆಯಲ್ಲಿ ಗುಳಿ ಬಿದ್ದು ನೀರುನೀರಾಗುತ್ತೆ. ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನ ಮುಂಭಾಗದಲ್ಲಿಡಿ, ಹಿಂದಿನ ಗೋಡೆಗೆ ತಾಗಿಸಬೇಡಿ, ಮೂರ್ನಾಲ್ಕು ದಿನದಲ್ಲಿ ಮುಗಿಸಿ.

ಮಣ್ಣಿನಮಡಕೆ:
ಅಣಬಿಗೆ ಪ್ಲಾಸ್ಟಿಕ್ ಬ್ಯಾಡ್ರಿ, ಪೇಪರ್ ಚೀಲ. ಅದು ಬಾಳ ನೀರು ಬಿಡ್ತದ.

ಕಡೆಗೋಲು:
ನಿಂಬೆಹಣ್ಣನ್ನು ಮೇಜಿನ ಮೇಲೆ ಬುಟ್ಟಿಯಲ್ಲಿಟ್ಟರೆ ವಾರದೊಳಗೆ ಸಿಪ್ಪೆ ಕಲ್ಲಿನ ಹಾಗೆ ಆಗ್ತದೆ. ಜಿಪ್ ಕವರಿನಲ್ಲಿ ಗಾಳಿ ಹಿಂಡಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ವಾರ ರಸ ಹಾಗೇ ಇರ್ತದೆ. ಒಂದಕ್ಕೆ ಬೂಷ್ಟು ಬಂದರೆ ತಕ್ಷಣ ತೆಗೆಯಿರಿ, ಇಲ್ಲದಿದ್ದರೆ ಪಕ್ಕದ್ದಕ್ಕೆ ದಾಟ್ತದೆ.

ಇಳಿಗೆಮಣೆ:
ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲೇ ಇಲ್ಲ. ನನ್ನ ಪ್ರಕಾರ ಬಿಸಿ ಪಾತ್ರೆ ಫ್ರಿಜ್ಜಿಗೆ ಇಡಬಾರದು. ಕಂಪ್ರೆಸರ್‌ಗೆ ಹೊರೆ, ಒಳಗಿನ ಹಾಲು, ಮೊಸರು ಎಲ್ಲ ಬೆಚ್ಚಗಾಗುತ್ತೆ.

ಥರ್ಮಾಮೀಟರ್:
ಕುದಿಯುವ ಪಾತ್ರೆಯನ್ನು ಇಡಬೇಡಿ ಎಂಬುದು ಸರಿ. ಪೂರ್ತಿ ಆರುವವರೆಗೆ ಹೊರಗೆ ಬಿಡಿ ಎಂಬುದು ತಪ್ಪು. ಕಾಯಿಲೆ ತರುವುದು ಆ ಎರಡನೆಯ ಅಭ್ಯಾಸ.

5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚುತ್ತವೆ. ಬೇಯಿಸಿದ ಆಹಾರ ಆ ಮಧ್ಯದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಸುತ್ತಲಿನ ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಐದು ಲೀಟರ್ ಪಾತ್ರೆಯ ಗಟ್ಟಿ ಗ್ರೇವಿ ಅಥವಾ ಬೇಯಿಸಿದ ಕಾಳು ತಾನಾಗಿ ಆರಲು ಅದಕ್ಕಿಂತ ಎಷ್ಟೋ ಹೊತ್ತು ಹಿಡಿಯುತ್ತದೆ. ಮೇಲೆ ಮುಟ್ಟಿದರೆ ತಣ್ಣಗಿರುತ್ತದೆ, ನಡುವೆ ಇನ್ನೂ ಬೆಚ್ಚಗೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿತವನ್ನು ತಡೆದುಕೊಂಡು ಆ ಬೆಚ್ಚನೆ ನಡುಭಾಗದಲ್ಲಿ ಎದ್ದು ಬೆಳೆಯುತ್ತವೆ.

ಪರಿಹಾರ ಪಾತ್ರೆ ಬದಲಾಯಿಸುವುದು. 5 ಸೆಂಟಿಮೀಟರ್‌ಗಿಂತ ಆಳವಿಲ್ಲದ ಅಗಲ ಡಬ್ಬಿಗಳಿಗೆ ಹಂಚಿ. ಅವಸರವಿದ್ದರೆ ಸಿಂಕಿನಲ್ಲಿ ತಣ್ಣೀರು, ಐಸ್ ಹಾಕಿ ಅದರಲ್ಲಿ ಪಾತ್ರೆ ಕೂರಿಸಿ ಸೌಟಿನಿಂದ ತಿರುವುತ್ತಿರಿ. ಹಬೆ ನಿಂತು, ಡಬ್ಬಿ ಕೈಯಲ್ಲಿ ಹಿಡಿಯುವಷ್ಟು ಬೆಚ್ಚಗಾದಾಗ ಫ್ರಿಜ್ಜಿಗೆ ಇಡಿ, ಮೊದಲ ಒಂದು ಗಂಟೆ ಮುಚ್ಚಳ ಸ್ವಲ್ಪ ಓರೆಯಾಗಿರಲಿ. ಎರಡು ಮೂರು ಸಣ್ಣ ಡಬ್ಬಿಯ ಬೆಚ್ಚಗೆ ಫ್ರಿಜ್ಜಿಗೆ ದೊಡ್ಡ ಹೊರೆಯಲ್ಲ.

ಇಳಿಗೆಮಣೆ:
ಆಹಾರ ಹಳಸಿದ್ದರೆ ವಾಸನೆಯಲ್ಲೇ ಗೊತ್ತಾಗುತ್ತಲ್ಲ? ಜೊತೆಗೆ ಮತ್ತೆ ಚೆನ್ನಾಗಿ ಕುದಿಸಿ ತಿಂತೀವಿ.

ಥರ್ಮಾಮೀಟರ್:
ಎರಡನ್ನೂ ನಂಬಬೇಡಿ. ವಾಸನೆ ತರುವ ಜೀವಿಗಳೇ ಬೇರೆ, ಕಾಯಿಲೆ ತರುವ ಜೀವಿಗಳೇ ಬೇರೆ. ಅನ್ನವನ್ನೇ ತೆಗೆದುಕೊಳ್ಳಿ. ಬ್ಯಾಸಿಲಸ್ ಸೀರಿಯಸ್ ಎಂಬುದರ ಬೀಜಾಣು ಅಕ್ಕಿಯಲ್ಲೇ ಇರುತ್ತದೆ, ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗೆ ಬೆಚ್ಚಗಿದ್ದರೆ ಬೆಳೆದು ವಾಂತಿ ಬರಿಸುವ ವಿಷ ಉಂಟುಮಾಡುತ್ತದೆ. ಆ ವಿಷ ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ಅದು ಬಿಟ್ಟ ವಿಷ ಉಳಿದಿರುತ್ತದೆ. ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷವೂ ಹಾಗೆಯೇ.

ತಣ್ಣೀರು:
ಅದಕ್ಕೇ ಉಳಿದ ಅನ್ನಕ್ಕೆ ತಟ್ಟೆ ಉಪಾಯ. ಕುಕ್ಕರಿನಲ್ಲೇ ಬಿಡಬೇಡಿ. ಅಗಲವಾದ ತಟ್ಟೆಗೆ ಎರಡು ಬೆರಳು ದಪ್ಪಕ್ಕೆ ಹರಡಿ, ಉದುರಿಸಿ, 20 ನಿಮಿಷದಲ್ಲಿ ಆರುತ್ತೆ. ಡಬ್ಬಿಗೆ ಹಾಕಿ ಒಂದು ಗಂಟೆಯೊಳಗೆ ಫ್ರಿಜ್ಜಿಗೆ. ಮಾರನೇ ದಿನ ಮುಗಿಸಿ. ಬಿಸಿ ಮಾಡುವಾಗ ಒಂದು ಬಟ್ಟಲು ಅನ್ನಕ್ಕೆ ಒಂದು ದೊಡ್ಡ ಚಮಚ ನೀರು ಚಿಮುಕಿಸಿ ಮುಚ್ಚಿ ಹಬೆ ಬರೋವರೆಗೂ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತೆ.

ಸೊಪ್ಪಿನಕಟ್ಟು:
ಅನ್ನ ಬಿಟ್ಟು ಬೇರೆ ಅಡುಗೆ ಎಷ್ಟು ದಿನ?

ಹದಬೆಂಕಿ:
ಫ್ರಿಜ್ 4 ಡಿಗ್ರಿ ಅಥವಾ ಕೆಳಗಿದ್ದರೆ ಮೂರರಿಂದ ನಾಲ್ಕು ದಿನ. ಡಬ್ಬಿ ಮೇಲೆ ಅಂಟುಪಟ್ಟಿ ಹಚ್ಚಿ ತಾರೀಕು ಬರೀರಿ, ಇದಕ್ಕಿಂತ ಉಪಯೋಗದ ಉಪಾಯ ಇಲ್ಲ. ತಿನ್ನೋವಷ್ಟನ್ನ ಮಾತ್ರ ಬೇರೆ ಪಾತ್ರೆಗೆ ತೆಗೆದು ಬಿಸಿ ಮಾಡಿ. ಇಡೀ ಡಬ್ಬಿ ಬಿಸಿ ಮಾಡಿ ಮತ್ತೆ ಒಳಗಿಡೋದು, ಮತ್ತೆ ತೆಗೆಯೋದು ಮಾಡಿದರೆ ಪ್ರತಿ ಸಲವೂ ಆ ಬೆಚ್ಚನೆ ಹಂತ ದಾಟಬೇಕಾಗುತ್ತೆ. ಬಿಸಿ ಅಂದರೆ ನಡುಭಾಗ 74 ಡಿಗ್ರಿ. ಮೈಕ್ರೋವೇವ್ ಆದರೆ ಮಧ್ಯೆ ಒಂದು ಸಲ ನಿಲ್ಲಿಸಿ ಕಲಕಿ, ಆದ ಮೇಲೆ ಎರಡು ನಿಮಿಷ ಮುಚ್ಚಿ ಬಿಡಿ. ಇಲ್ಲದಿದ್ದರೆ ಅಂಚು ಸುಡುತ್ತೆ, ನಡುವೆ ತಣ್ಣಗೆ.

ಬುತ್ತಿಡಬ್ಬಿ:
ಫ್ರಿಜ್ಜಿನಲ್ಲಿ 1ರಿಂದ 7ರವರೆಗೆ ತಿರುಗಿಸೋ ಗುಂಡಿ ಇದೆ. 4ಕ್ಕೆ ಇಟ್ಟರೆ 4 ಡಿಗ್ರಿ ತಾನೇ?

ಅಳತೆಲೋಟ:
ಅಲ್ಲ ಅಲ್ಲ. ಅದು ತಂಪಿನ ಜೋರು, ಡಿಗ್ರಿ ಅಲ್ಲ. ಸಾಮಾನ್ಯವಾಗಿ ಸಂಖ್ಯೆ ಏರಿದಷ್ಟೂ ತಂಪು ಜಾಸ್ತಿ. ಒಂದು ಲೋಟ ನೀರನ್ನ ನಡುವಿನ ಹಲಗೆ ಮೇಲಿಟ್ಟು ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ನೋಡಿ. ಗಾಳಿಯ ಅಳತೆ ಬಾಗಿಲು ತೆಗೆದಾಗಲೆಲ್ಲ ಏರಿಳಿಯುತ್ತೆ, ನೀರಿನದು ನಿಜ ಹೇಳುತ್ತೆ. ಬಾಗಿಲಿನ ಹಲಗೆ ಎಲ್ಲಕ್ಕಿಂತ ಬೆಚ್ಚಗಿನ ಜಾಗ, ಹಾಲು ಅಲ್ಲಿ ಬೇಡ. ಅಲ್ಲಿ ಉಪ್ಪಿನಕಾಯಿ, ಸಾಸ್ ಥರದ್ದು ಇಡಿ.

ಕಡೆಗೋಲು:
ಕರೆಂಟು ಹೋದರೆ?

ಹದಬೆಂಕಿ:
ಬಾಗಿಲು ತೆಗೆಯದೆ ಇದ್ದರೆ ಫ್ರಿಜ್ 4 ಗಂಟೆ ತಂಪು ಹಿಡಿಯುತ್ತೆ. ಫ್ರೀಜರ್ ತುಂಬಿದ್ದರೆ 48 ಗಂಟೆ, ಅರ್ಧ ಇದ್ದರೆ 24. ಖಾಲಿ ಜಾಗದಲ್ಲಿ ನೀರಿನ ಬಾಟಲಿ ಇಟ್ಟು ಗಟ್ಟಿ ಮಾಡಿ, ಅದೇ ತಂಪಿನ ಉಳಿತಾಯ. ಬಾಟಲಿಯ ಮುಕ್ಕಾಲು ಮಾತ್ರ ತುಂಬಿ, ಹೆಪ್ಪುಗಟ್ಟಿದಾಗ ನೀರು ಹಿಗ್ಗುತ್ತೆ.

ಮನೆ ಬಿಟ್ಟು ಊರಿಗೆ ಹೋಗೋರು ಒಂದು ಬಟ್ಟಲು ನೀರನ್ನ ಫ್ರೀಜರಿನಲ್ಲಿ ಗಟ್ಟಿ ಮಾಡಿ ಮೇಲೊಂದು ನಾಣ್ಯ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಒಳಗಿರೋದನ್ನ ಎಸೀರಿ.

ಬುತ್ತಿಡಬ್ಬಿ:
ನಾಣ್ಯದ್ದು ಬಹಳ ಚೆನ್ನಾಗಿದೆ!

ಮಣ್ಣಿನಮಡಕೆ:
ಬ್ರೆಡ್ ಫ್ರಿಜ್ಜಿನಾಗ ಇಡಬ್ಯಾಡ್ರಿ. ಬೂಷ್ಟು ತಡ ಆಗ್ತದ ಖರೆ, ಆದ್ರ ಫ್ರಿಜ್ಜಿನ ತಂಪಿನಾಗ ಪಿಷ್ಟ ಲಗೂನ ಗಟ್ಟಿ ಆಗಿ ಬ್ರೆಡ್ ಒಣಕಲಾಗ್ತದ. ಎರಡು ದಿನದ್ದು ಹೊರಗ, ಉಳಿದಿದ್ದು ಫ್ರೀಜರ್‌ನಾಗ. ಹೋಳು ಹೋಳಾಗಿ ಇದ್ರ ಬೇಕಾದಷ್ಟ ತೆಗೆದು ನೇರ ಸುಟ್ಕೋಬಹುದು. ಒಂದು ಹೋಳಿಗೆ ಬೂಷ್ಟು ಕಂಡ್ರ ಅದನ್ನಷ್ಟ ಕಿತ್ತು ಉಳಿದಿದ್ದು ತಿನ್ನಬ್ಯಾಡ್ರಿ, ಬೇರು ಕಣ್ಣಿಗೆ ಕಾಣಂಗಿಲ್ಲ.

ಬುತ್ತಿಡಬ್ಬಿ:
ಬೆಳ್ಳುಳ್ಳಿ ಸುಲಿದು ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಯಲ್ಲಿ ಇಟ್ಟರೆ ತಿಂಗಳುಗಟ್ಟಲೆ ಬರುತ್ತೆ. ಇದನ್ನ ಇನ್ನೂ ಯಾರೂ ಹೇಳಿಲ್ಲ.

ಥರ್ಮಾಮೀಟರ್:
ಹೇಳದಿರುವುದೇ ಒಳ್ಳೆಯದು. ಇದು ನಿಜಕ್ಕೂ ಪ್ರಾಣಕ್ಕೆ ಕುತ್ತು ತರಬಲ್ಲ ಉಪಾಯ. ಬೆಳ್ಳುಳ್ಳಿ ಮಣ್ಣಿನಿಂದ ಬಂದದ್ದು, ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣು ಅದರ ಮೇಲಿರಬಹುದು. ಅದಕ್ಕೆ ಬೇಕಾದದ್ದು ಗಾಳಿಯಿಲ್ಲದ, ಹುಳಿಯಿಲ್ಲದ, ಬೆಚ್ಚನೆಯ ಜಾಗ. ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಮೂರನ್ನೂ ನಾವೇ ಒದಗಿಸಿದಂತೆ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದಲೇ ಹಲವರಿಗೆ ಬಾಟುಲಿಸಂ, ಅಂದರೆ ಆ ಬ್ಯಾಕ್ಟೀರಿಯಾದ ವಿಷದಿಂದ ಬರುವ ಕಾಯಿಲೆ, ಆಗಿತ್ತು. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಸುಳಿವು ಸಿಗುವುದಿಲ್ಲ.

ಎಣ್ಣೆಯಲ್ಲೇ ಬೇಕೆಂದರೆ ಫ್ರಿಜ್ಜಿನಲ್ಲಿ 4 ದಿನ, ಅದಕ್ಕಿಂತ ಹೆಚ್ಚಿಗೆ ಫ್ರೀಜರ್. ಸಣ್ಣ ಐಸ್ ಟ್ರೇಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಎಣ್ಣೆ ಹಾಕಿ ಗಟ್ಟಿ ಮಾಡಿ, ಬೇಕಾದಾಗ ಒಂದು ಬಿಲ್ಲೆ ಬಾಣಲೆಗೆ ಹಾಕಿ.

ಇಳಿಗೆಮಣೆ:
ಅಂಗಡಿಯಲ್ಲಿ ಎಣ್ಣೆ ಬೆಳ್ಳುಳ್ಳಿ ಬಾಟಲಿ ಮಾರ್ತಾರಲ್ಲ ಮತ್ತೆ?

ಥರ್ಮಾಮೀಟರ್:
ಅದಕ್ಕೆ ಆಮ್ಲ ಸೇರಿಸಿ ಹುಳಿ ಮಾಡಿರುತ್ತಾರೆ. ಮನೆಯಲ್ಲಿ ಅಂದಾಜಿಗೆ ನಿಂಬೆರಸ ಹಿಂಡಿದರೆ ಆ ಮಟ್ಟಕ್ಕೆ ಬಂದಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಬುತ್ತಿಡಬ್ಬಿ:
ಇದು ಗೊತ್ತೇ ಇರಲಿಲ್ಲ. ಥ್ಯಾಂಕ್ಸ್.

ತಣ್ಣೀರು:
ಶುಂಠಿಗೂ ಫ್ರೀಜರೇ ಸುಲಭ. ತೊಳೆದು ಒರೆಸಿ, ಸಿಪ್ಪೆ ಸಮೇತ ಇಡಿಯಾಗಿ ಕವರಿನಲ್ಲಿಡಿ. ಗಟ್ಟಿಯಾಗಿರುವಾಗಲೇ ತುರಿಯಿರಿ, ನಾರು ಬರದೆ ಪುಡಿಯಂತೆ ಉದುರುತ್ತೆ. ಕರಗೋಕೆ ಬಿಟ್ಟರೆ ಮೆತ್ತಗಾಗಿ ತುರಿಯೋಕೆ ಬರಲ್ಲ.

ಸೊಪ್ಪಿನಕಟ್ಟು:
ಬೀನ್ಸ್, ಬಟಾಣಿ ಹಾಗೇ ಫ್ರೀಜರಿಗೆ ಹಾಕಬಹುದಾ? ಹಾಕಿದರೆ ಸ್ವಲ್ಪ ದಿನಕ್ಕೆ ಹುಲ್ಲಿನ ವಾಸನೆ ಬರುತ್ತೆ, ಎಲ್ಲ ಒಂದೇ ಮುದ್ದೆಯಾಗುತ್ತೆ.

ಅಳತೆಲೋಟ:
ಎರಡಕ್ಕೂ ಕಾರಣ ಬೇರೆ ಬೇರೆ. ಹುಲ್ಲಿನ ವಾಸನೆ ಕಿಣ್ವಗಳದ್ದು. ಮೈನಸ್ 18 ಡಿಗ್ರಿಯಲ್ಲೂ ಅವು ನಿಧಾನಕ್ಕೆ ಕೆಲಸ ಮಾಡ್ತಾನೇ ಇರ್ತವೆ, ಕುದಿನೀರಿನಲ್ಲಿ ಅದ್ದಿದರೆ ಮಾತ್ರ ನಿಲ್ಲೋದು. ಬೀನ್ಸ್ 3 ನಿಮಿಷ, ಬಟಾಣಿ ಒಂದೂವರೆ ನಿಮಿಷ, ಪಾಲಕ್ 2 ನಿಮಿಷ. ಅರ್ಧ ಕೆ.ಜಿ. ತರಕಾರಿಗೆ 4 ಲೀಟರ್ ನೀರು ಇರಲಿ, ಹಾಕಿದ ಒಂದು ನಿಮಿಷದೊಳಗೆ ಮತ್ತೆ ಕುದಿ ಬರಬೇಕು. ತೆಗೆದು ಅಷ್ಟೇ ಹೊತ್ತು ಐಸ್ ನೀರಿಗೆ. ಕಡಿಮೆ ಹೊತ್ತು ಅದ್ದಿದರೆ ಕಿಣ್ವ ಸಾಯೋ ಬದಲು ಚುರುಕಾಗುತ್ತೆ, ಅದ್ದದೇ ಇದ್ದದ್ದಕ್ಕಿಂತ ಕೆಟ್ಟದು.

ಮುದ್ದೆಯಾಗೋದು ನೀರಿನಿಂದ. ಸೋಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಒಂದೆರಡು ಗಂಟೆ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಕವರಿಗೆ ತುಂಬಿ ಗಾಳಿ ಹಿಂಡಿ. ಗಾಳಿ ಉಳಿದರೆ ಮೇಲ್ಮೈ ಒಣಗಿ ಬಿಳಿ ಮಚ್ಚೆ ಬೀಳುತ್ತೆ.

ಕಡೆಗೋಲು:
ಸ್ವಲ್ಪ ಬೇರೆ ವಿಷಯ. ಅಕ್ಕಿ, ಹಿಟ್ಟಿಗೆ ಹುಳು ಬಾರದ ಹಾಗೆ ಒಣಮೆಣಸು, ಲವಂಗ ಹಾಕುವುದರಿಂದ ಪ್ರಯೋಜನ ಉಂಟಾ?

ಇಳಿಗೆಮಣೆ:
ವಾಸನೆಗೆ ಹೊಸ ಹುಳು ಸ್ವಲ್ಪ ದೂರ ಇರಬಹುದು. ಆದರೆ ಮೊಟ್ಟೆ ಚೀಲದ ಜೊತೆಗೇ ಬಂದಿರುತ್ತೆ, ಅದಕ್ಕೆ ಲವಂಗ ಏನೂ ಮಾಡಲ್ಲ. ಹಿಟ್ಟು ತಂದ ಕೂಡಲೇ ಗಾಳಿಯಾಡದ ಕವರಿನಲ್ಲಿ ಮೈನಸ್ 18ರ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ, ಮೊಟ್ಟೆನೂ ಸಾಯುತ್ತೆ. ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರೋವರೆಗೂ ಕವರ್ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆ ಹಿಟ್ಟಿನ ಮೇಲೆ ಗಾಳಿಯ ತೇವ ಕೂತು ಗಂಟುಗಂಟಾಗುತ್ತೆ.

ತಣ್ಣೀರು:
ಇಳಿಗೆಮಣೆಯವರೇ, ಇದನ್ನ ಒಪ್ಪಿದೆ. ಕೊತ್ತಂಬರಿ ವಿಷಯದಲ್ಲಿ ಮಾತ್ರ ಲೋಟವೇ ಸರಿ.

ಇಳಿಗೆಮಣೆ:
ಡಬ್ಬಿನೇ ಸರಿ. ಲೋಟದಲ್ಲಿ ಬೇರು ಸಮೇತ ಇರೋ ಕಟ್ಟು ಚೆನ್ನಾಗಿ ಬಾಳುತ್ತೆ, ಬೇರು ಕತ್ತರಿಸಿದ ಗಿಡ್ಡ ದಂಟಿನದು ನಿಲ್ಲೋದೇ ಇಲ್ಲ. ದಂಟು ಉದ್ದ ಇದ್ದರೆ ನಿಮ್ಮ ದಾರಿ, ಗಿಡ್ಡ ಇದ್ದರೆ ನನ್ನ ದಾರಿ.

ಸೊಪ್ಪಿನಕಟ್ಟು:
ಹಸಿಮೆಣಸಿನಕಾಯಿಗೂ ಡಬ್ಬಿನಾ? ಟಿಶ್ಯೂ ಹಾಕಿದರೂ ತೊಟ್ಟಿನ ಬುಡದಲ್ಲಿ ಬೂಷ್ಟು ಬರುತ್ತೆ.

ಇಳಿಗೆಮಣೆ:
ತೊಟ್ಟು ತೆಗೆದಿಲ್ಲ ಅನ್ಸುತ್ತೆ. ತೊಟ್ಟು ಮತ್ತು ಕಾಯಿ ಸೇರೋ ಸಂದಿಯಲ್ಲಿ ನೀರು ನಿಲ್ಲುತ್ತೆ, ಬೂಷ್ಟು ಅಲ್ಲೇ ಶುರು. ತೊಳೆದು, ಬಟ್ಟೆ ಮೇಲೆ ಪೂರ್ತಿ ಒಣಗಿಸಿ, ಆಮೇಲೆ ತೊಟ್ಟು ಕೀಳಿ. ತೊಟ್ಟು ಕಿತ್ತು ತೊಳೆದರೆ ಆ ತೂತಿನಿಂದ ನೀರು ಕಾಯಿಯೊಳಗೆ ಹೋಗುತ್ತೆ. ಸೀಳಿದ್ದು, ಮೆತ್ತಗಾದದ್ದು ಬೇರೆ ತೆಗೆದು ಮೊದಲು ಬಳಸಿ. ಉಳಿದದ್ದು ಎರಡು ವಾರಕ್ಕೂ ಮೇಲೆ ಬರುತ್ತೆ, ವಾರಕ್ಕೊಮ್ಮೆ ಟಿಶ್ಯೂ ಬದಲಾಯಿಸಿ.

ಸೊಪ್ಪಿನಕಟ್ಟು:
ತೊಟ್ಟು ತೆಗೆಯದೆ ಇಡೋದೇ ತಪ್ಪಾಗ್ತಿತ್ತು ಹಾಗಾದರೆ. ಇವತ್ತೇ ಬದಲಾಯಿಸ್ತೀನಿ.